ಮನೆಯ ಕೈತೋಟ: ಬಚ್ಚಲ ನೀರು, ಅಡಿಗೆಮನೆಯ ಬುಟ್ಟಿ

ಬೆಂಗಳೂರಿನಿಂದ ಓದುಗ ಸೋದರಿಯೊಬ್ಬರು ನಮಗೊಂದು ಕಾಗದ ಬರೆದಿರುವರು. ಅವರ ಮನೆಯ ಕೊಳವೆಬಾವಿ ಬತ್ತಿ ಹೋಗಿ, ವಾರಕ್ಕೆರಡು ಸಲ ಟ್ಯಾಂಕರಿನವನಿಗೆ ಹಣ ತೆತ್ತು ನೀರು ತರಿಸಬೇಕಾಗಿದೆಯಂತೆ. ಹೀಗಿರಲು, ಅವರ ಅತ್ತೆಯವರು ತಾರಸಿಯ ಮೇಲೆ ಬಹುಕಾಲದಿಂದ ಪ್ರೀತಿಯಿಂದ ಬೆಳೆಸಿಕೊಂಡು ಬಂದಿರುವ ಮೂವತ್ತು ನಾಲ್ವತ್ತು ಕುಂಡಗಳಿಗೆ ನೀರೆರೆಯಬಹುದೋ ಬಾರದೋ ಎಂಬ ವಿಷಯದಲ್ಲಿ ಮನೆಯೊಳಗೆ ನಿತ್ಯವೂ ವಾದ. "ಕುಡಿಯುವ ನೀರಿಗೇ ತತ್ವಾರವಾಗಿರುವ ಊರಿನಲ್ಲಿ ಮಲ್ಲಿಗೆಗೆ ನೀರು ಹಾಕುವುದು ನ್ಯಾಯವೇ? ಅತ್ತೆಯವರ ಮನಸ್ಸನ್ನು ನೋಯಿಸಲೂ ಆರೆ, ಸುಮ್ಮನೆ ನೋಡುತ್ತಿರಲೂ ಆರೆ. ನೀವೇ ಹೇಳಿರಿ" ಎಂದು ಕೇಳಿರುವರು.

ಪ್ರಶ್ನೆಯು ಲಘುವಾದುದಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರಿಗೆ ನೀರಿನ ಕ್ಷಾಮವೊದಗಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಲಿಯವರು ಆಜ್ಞೆ ಮಾಡಿದ್ದುದು ಅನೇಕರಿಗೆ ನೆನಪಿರಬಹುದು. ಆ ಊರಿನ ನಲ್ಲಿಯಲ್ಲಿ ಬರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ವಿದ್ಯುತ್ತಿನ ಬಲದಿಂದ ಏರಿ ಬರತಕ್ಕದ್ದು. ಅಂತಹ ನೀರನ್ನು ರಬ್ಬರು ಕೊಳವೆಯಲ್ಲಿ ಹಿಡಿದು ಹುಲ್ಲುಹಾಸಿನ ಮೇಲೆ ಚಿಮ್ಮಿಸುವುದನ್ನು ನಾವು ಯಾವ ವಿಧದಿಂದಲೂ ಸಮರ್ಥಿಸಲಾರೆವು. ಆದರೆ ಸೋದರಿಯವರ ಪ್ರಶ್ನೆಯಲ್ಲಿಯೇ ಒಂದು ಊಹೆ ಅಡಗಿದೆ. ಗಿಡಕ್ಕೆ ಬೇಕಾದುದು ಕುಡಿಯುವ ನೀರೇ ಎಂಬುದು. ನಮ್ಮ ಹಿರಿಯರ ಹಿತ್ತಿಲಿನಲ್ಲಿ ಹಾಗಿರಲಿಲ್ಲ. ಬಚ್ಚಲಿನ ಹಿಂದೆ ಬಾಳೆ, ಬಾಳೆಯ ಬುಡದಲ್ಲಿ ಕೆಸು, ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲಿ ಬಸಳೆಯ ಚಪ್ಪರ, ತಿಪ್ಪೆಯ ಮೇಲೆ ತಾನಾಗಿ ಹಬ್ಬಿದ ಕುಂಬಳ. ಇವುಗಳಿಗೆಂದು ಬಾವಿಯಿಂದ ಒಂದು ಕೊಡ ನೀರನ್ನು ಸೇದಿದವರು ಅಪರೂಪ. ಮನೆಯು ಬೇಡವೆಂದು ಚೆಲ್ಲಿದುದರಲ್ಲಿಯೇ ಆ ತೋಟವು ಬದುಕುತ್ತಿತ್ತು. ಈ ಸಲ ನಾವು ಬರೆಯಬೇಕೆಂದಿರುವುದು ಅಂತಹ ತೋಟದ ವಿಷಯವನ್ನೇ.

ಮೊದಲು ನೀರು. ಅಕ್ಕಚ್ಚು, ಬೇಳೆ ತರಕಾರಿಗಳನ್ನು ತೊಳೆದ ನೀರು, ಇವನ್ನು ಒಂದು ಬಕೀಟಿನಲ್ಲಿ ಹಿಡಿದಿಟ್ಟರೆ ಸಾಧಾರಣ ಸಂಸಾರವೊಂದರಲ್ಲಿ ದಿನಕ್ಕೆ ಒಂದೆರಡು ಬಿಂದಿಗೆಗೆ ಮೋಸವಿಲ್ಲ. ಇದನ್ನು ಯಾವ ಗಿಡಕ್ಕಾದರೂ ಹಾಕಬಹುದು. ಉಪ್ಪು ಬಿದ್ದ ನೀರನ್ನು ಮಾತ್ರ ಕೂಡದು. ಸ್ನಾನದ ನೀರಿನ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಸೀಗೆಪುಡಿ, ಕಡಲೆಹಿಟ್ಟು, ಅಂಟುವಾಳಗಳ ಕಾಲದಲ್ಲಿ ಬಚ್ಚಲ ನೀರಿಗೆ ಹೆದರಬೇಕಾದುದೇ ಇರಲಿಲ್ಲ. ಈಗಿನ ಸಾಬೂನಿನ ನೀರನ್ನೂ ಬಾಳೆ, ಕೆಸು, ತೆಂಗು, ಹೂವಿನ ಪೊದೆಗಳಂತಹ ಗಟ್ಟಿ ಪ್ರಾಣಿಗಳು ತಾಳಿಕೊಳ್ಳುವುವು. (ಗಿಡವನ್ನು ಪ್ರಾಣಿಯೆಂದುದಕ್ಕೆ ಪಂಡಿತರು ಕ್ಷಮಿಸಬೇಕು, ಬಾಳೆಯನ್ನು ಸಾಕಿದವರು ನಮ್ಮ ಮಾತನ್ನು ಒಪ್ಪುವರು.) ಬಟ್ಟೆ ಒಗೆದ ಮೊದಲ ನೀರಿನಲ್ಲಿ ಸೋಡಿಯಂ ಲವಣಗಳು ಹೆಚ್ಚು, ಅವು ಮಣ್ಣಿನ ಹುಡಿತನವನ್ನು ಕೆಡಿಸಿ ಅದನ್ನು ಬಿಗಿಗೊಳಿಸುವುವು. ಆದುದರಿಂದ ಮೊದಲ ನೀರನ್ನು ಬಿಟ್ಟು ಕೊನೆಯ ಜಾಲಾಡಿದ ನೀರನ್ನು ಹಿಡಿಯತಕ್ಕದ್ದು. ಇಂತಹ ನೀರನ್ನು ಎಲೆಗಳ ಮೇಲೆ ಸುರಿಯದೆ ಬುಡದ ಮಣ್ಣಿಗೇ ಹಾಕಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಮೂಲಂಗಿಗಳಿಗೆ ಹಾಕಬಾರದು. ಒಂದು ದಿನಕ್ಕಿಂತ ಹೆಚ್ಚಾಗಿ ಕೂಡಿಡಲೂ ಬಾರದು, ನಾರುವುದು. ಈಚೆಗೆ ಮನೆಮನೆಯಲ್ಲಿಯೂ ನೀರು ಸೋಸುವ ಯಂತ್ರವಿದೆಯಷ್ಟೆ. ಅದು ಹೊರಗೆ ಬಿಡುವ ನೀರು ನೋಡುವುದಕ್ಕೆ ತಿಳಿಯಾಗಿದ್ದರೂ ಉಪ್ಪಿನಂಶವನ್ನು ಒಟ್ಟುಗೂಡಿಸಿಕೊಂಡು ಬಂದುದು. ಅದನ್ನೇ ನಿತ್ಯವೂ ಕುಂಡಕ್ಕೆ ಹಾಕುತ್ತ ಬಂದರೆ ಕ್ರಮೇಣ ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿ, ಎಲೆಯ ಅಂಚು ಸುಟ್ಟಂತಾಗುವುದು. ಆ ನೀರು ನೆಲ ಸಾರಿಸುವುದಕ್ಕೆ ಸೊಗಸಾದುದು.

ಇನ್ನು ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರು ಮಳೆ ಬೀಳುವುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಈ ಲೆಕ್ಕದಿಂದ 1,000 ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ ಸುಮಾರು 90,000 ಲೀಟರು ಬಿದ್ದಂತಾಯಿತು. ಸಿಡಿದು ಹರಿದು ಹೋಗುವುದನ್ನು ಕಳೆದರೂ 70,000ಕ್ಕೆ ಕಡಿಮೆಯಿಲ್ಲ. 6,000 ಲೀಟರಿನ ಟ್ಯಾಂಕರಿನ ಅಳತೆಯಲ್ಲಿ ಇದು ಹನ್ನೊಂದು ಹನ್ನೆರಡು ಟ್ಯಾಂಕರಿನ ನೀರು! ಅಷ್ಟನ್ನೂ ಕೂಡಿಡುವ ತೊಟ್ಟಿ ಎಲ್ಲರ ಮನೆಯಲ್ಲಿಯೂ ಇರಲಾರದು, ನಿಜ. ದೊಡ್ಡ ನಿವೇಶನಗಳಲ್ಲಿ ಮಳೆನೀರನ್ನು ಹಿಡಿಯಲೇಬೇಕೆಂದು 2009ರಲ್ಲಿಯೇ ಕಾಯಿದೆಯಾಗಿದ್ದರೂ ಚಿಕ್ಕ ಮನೆಯವರು ಅದರ ದಾರಿ ಕಾಯಬೇಕಾದುದಿಲ್ಲ. ತಾರಸಿಯ ಒಂದು ಕೊಳವೆಯ ಕೆಳಗೆ 200 ಲೀಟರಿನ ಪೀಪಾಯಿಯನ್ನಿಟ್ಟರೆ ಮೂರು ಮಿಲಿಮೀಟರಿನ ತುಂತುರಿಗೇ ಅದು ತುಂಬಿ ಹೊರಚೆಲ್ಲುವುದು. ಪೀಪಾಯಿಯ ಬಾಯಿಗೆ ಮಾತ್ರ ಒತ್ತಾದ ಬಟ್ಟೆಯನ್ನು ಬಿಗಿದು ಕಟ್ಟಲು ಮರೆಯಬಾರದು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಕೊಚ್ಚೆಯಲ್ಲಲ್ಲ, ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುವುದು. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಕುಂಡದ ಕೆಳಗಿನ ತಟ್ಟೆಗಳಿಗೂ ಇದೇ ಮಾತು.

ಸಿಕ್ಕಿದ ನೀರನ್ನು ಉಳಿಸಿಕೊಳ್ಳುವುದು ಮತ್ತೊಂದು ವಿದ್ಯೆ. ಮಣ್ಣಿನ ಮೇಲ್ಮೈಯನ್ನು ಬಿಸಿಲಿಗೆ ಬೆತ್ತಲೆ ಬಿಡಬಾರದು. ಎರಡು ಮೂರು ಅಂಗುಲ ತರಗೆಲೆಯನ್ನೋ ತೆಂಗಿನ ನಾರನ್ನೋ ಹೊದಿಸಬೇಕು. ಒಣಗಿದ ಎಲೆಗಳನ್ನು ಗುಡಿಸಿ ಬೀದಿಯ ಮೂಲೆಯಲ್ಲಿ ಬೆಂಕಿ ಹಚ್ಚುವವರನ್ನು ಕಂಡಾಗಲೆಲ್ಲ ನಮಗೆ, ಅಂಗಡಿಯಲ್ಲಿ ಗೊಬ್ಬರ ಕೊಂಡು ಮನೆಯಲ್ಲಿರುವ ಗೊಬ್ಬರವನ್ನು ಸುಡುವ ಈ ಜಾಣತನಕ್ಕೆ ಏನೆನ್ನಬೇಕೋ ತಿಳಿಯದು. ಎರಡನೆಯ ಉಪಾಯವೆಂದರೆ ಗಡಿಗೆಯದು. ಮೆರುಗೆಣ್ಣೆ ಬಳಿಯದ ಹಸಿಮಣ್ಣಿನ ಬಣ್ಣದ ಸುಟ್ಟ ಗಡಿಗೆಯೊಂದನ್ನು ಪಾತಿಯ ನಡುವೆ ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಡಬೇಕು. ಸುತ್ತಲಿನ ಮಣ್ಣು ಒಣಗಿದಾಗ ಗಡಿಗೆಯು ಒಸರುವುದು. ಮಣ್ಣು ತೇವವಾಗಿರುವಾಗ ಒಸರುವುದು ತಾನಾಗಿಯೇ ತಗ್ಗುವುದು. ಚೀನ ದೇಶದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಈ ಉಪಾಯವನ್ನು ಬರೆದಿಟ್ಟಿರುವರು. ಊರಿಗೆ ಹೋಗಿ ಮೂರು ದಿನ ನಿಲ್ಲಬೇಕಾದ ಗೃಹಿಣಿಯರಿಗೆ ಇದಕ್ಕಿಂತ ನಂಬಿಕೆಯ ಮಾಲಿ ಸಿಕ್ಕಲಾರನು.

ಈಗ ಅಡಿಗೆಮನೆಯ ಬುಟ್ಟಿಗೆ ಬರೋಣ. ಇದರ ವಿಷಯದಲ್ಲಿ ನಮಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದೆ. ಬೆಂಗಳೂರಿನ ಮನೆಗಳು ಹೊರಗೆ ಹಾಕಿದ ಕಸವು ಬಹುಕಾಲ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕದಲ್ಲಿ ಬೆಟ್ಟವಾಗಿ ಬೆಳೆಯಿತು. ಹುಣಿಸೆಹುಳಿಯ ಗಷ್ಟು, ಹೆರೆದ ಬೀರೆಕಾಯಿಯ ಸಿಪ್ಪೆ, ಉಳಿದ ಅನ್ನ, ಎಲ್ಲವೂ ಪ್ಲಾಸ್ಟಿಕ್ಕಿನೊಂದಿಗೆ ಬೆರೆತು ಗಾಳಿಯಿಲ್ಲದೆ ಕೊಳೆತು, ಆ ಕೊಳೆರಸವು ನೆಲಕ್ಕಿಳಿಯಿತು; ನೊಣ, ನಾಯಿ, ನಾತಗಳ ನಡುವೆ ಬಾಳಿದವರು ಆ ಹಳ್ಳಿಗಳವರು. ಅವರು ತಡೆಯೊಡ್ಡಿದ ಮೇಲೆ 2012ರಲ್ಲಿ ಮಾವಳ್ಳಿಪುರವೂ, 2014ರ ಕೊನೆಗೆ ಮಂಡೂರೂ ಮುಚ್ಚಿದುವು. ಮಾವಳ್ಳಿಪುರ ಮುಚ್ಚಿದಾಗ ನಗರದ ಬೀದಿಬೀದಿಗಳಲ್ಲಿ ಕಸದ ರಾಶಿ ನಿಂತು, ತಾವು ಚೆಲ್ಲಿದುದು ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ಅನೇಕರು ಆಗಲೇ ಮೊದಲು ಯೋಚಿಸಿದುದು. ಗಾಳಿಯಾಡದೆ ಕೊಳೆಯುವ ಕಸದಿಂದ ಹೊರಡುವ ಮೀಥೇನ್ ಅನಿಲವು ನೂರು ವರ್ಷದ ಲೆಕ್ಕದಲ್ಲಿ ಇಂಗಾಲಾಮ್ಲ ವಾಯುವಿಗಿಂತ ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸತಕ್ಕದ್ದೆಂದು ವಿಜ್ಞಾನಿಗಳು ಹೇಳುವರು. ಅದೇ ಸಿಪ್ಪೆಯು ಗಾಳಿಯಾಡುವ ಕುಂಡದಲ್ಲಿ ಕಳಿತರೆ ಮೂರು ತಿಂಗಳಿಗೆ ಬಸಳೆಯ ಬುಡದ ಗೊಬ್ಬರ.

ಈ ವಿದ್ಯೆಯಲ್ಲಿ ಬೆಂಗಳೂರಿನ ಹೆಸರು ಲೋಕಪ್ರಸಿದ್ಧವಾದುದೆಂಬುದು ಬೆಂಗಳೂರಿನವರಿಗೇ ತಿಳಿಯದಿರುವುದೊಂದು ವಿನೋದ. ಸರ್ ಆಲ್ಬರ್ಟ್ ಹೋವರ್ಡರು ಇಂದೂರಿನಲ್ಲಿ 1920ರ ದಶಕದಲ್ಲಿ ರೂಪಿಸಿದ, ರಾಶಿಯನ್ನು ಮತ್ತೆ ಮತ್ತೆ ಮಗುಚುವ ಕ್ರಮಕ್ಕೆ ಇಂದೂರು ಪದ್ಧತಿಯೆಂದು ಹೆಸರಾದಂತೆ, ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕ್ರಮಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಸಿ, ಕೊನೆಗೆ ಹಸಿಮಣ್ಣಿನಿಂದ ಮೆತ್ತಿ ಮುಚ್ಚಿ, ಮಗುಚದೆ, ನೀರೂ ಹಾಕದೆ ಬಿಟ್ಟುಬಿಡುವುದು ಇದರ ಸಾರ; ಆರರಿಂದ ಎಂಟು ತಿಂಗಳಿಗೆ ಗೊಬ್ಬರ ಪಕ್ವವಾಗುವುದು. ಆಚಾರ್ಯರದು ಊರುಗಳ ಕಸಕ್ಕೂ ಮಲಕ್ಕೂ ಹೇಳಿದ ಕ್ರಮ. ಮನೆಯವರು ಅದರಲ್ಲಿ ಸಿಪ್ಪೆ, ಸೊಪ್ಪು, ಸೆಗಣಿ, ತರಗೆಲೆಗಳನ್ನಷ್ಟೇ ಬಳಸಬಹುದು. ಹಿತ್ತಿಲಿನಲ್ಲಿ ಮೂರಡಿ ಗುಂಡಿಗೆ ಸ್ಥಳವಿರುವ ಪುಣ್ಯವಂತರು ದೀಪಾವಳಿಗೆ ಮುಚ್ಚಿದ ಗುಂಡಿಯನ್ನು ಮುಂಗಾರಿಗೆ ತೆರೆಯಬಹುದು. ತುಕ್ಕಿನ ಬಣ್ಣವೂ ಇಲ್ಲದೆ, ನಾತವೂ ಇಲ್ಲದೆ, ಮೊದಲ ಮಳೆಗೆ ನೆಲದಿಂದೇಳುವ ವಾಸನೆಯೇ ಆ ಗುಂಡಿಯಿಂದ ಬರುವುದು.

ತಾರಸಿಯವರಿಗೆ ಗುಂಡಿಯೆಲ್ಲಿ? ಪಕ್ಕದಲ್ಲಿ ತೂತು ಕೊರೆದ ಎರಡು ದೊಡ್ಡ ಮಣ್ಣಿನ ಕುಂಡಗಳು ಸಾಕು. ಒಂದು ತುಂಬುತ್ತಿರುವಾಗ ಇನ್ನೊಂದು ಪಕ್ವವಾಗುತ್ತಿರಲಿ. ತಳದಲ್ಲಿ ಒಂದು ಗೇಣು ತರಗೆಲೆ. ಅದರ ಮೇಲೆ ಆ ದಿನದ ಸಿಪ್ಪೆಯನ್ನು ಹೆಚ್ಚಿ ಹರಡಿ, ಸಿಪ್ಪೆ ಒಂದಳತೆಯಾದರೆ ಒಣ ಎಲೆ ಎರಡಳತೆಯಂತೆ ಮುಚ್ಚುತ್ತ ಹೋಗಬೇಕು. ಹುಳಿಮಜ್ಜಿಗೆಯನ್ನು ಒಂದು ಸಲ ಚಿಮುಕಿಸಿದರೆ, ಇಲ್ಲವೆ ಹಳೆಯ ಗೊಬ್ಬರವನ್ನು ಒಂದು ಹಿಡಿ ಬೆರೆಸಿದರೆ ಕೆಲಸ ಬೇಗ ಆರಂಭವಾಗುವುದು. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ತೊಟ್ಟಿಕ್ಕುವಷ್ಟು ತೇವವಿರಬೇಕು. ನಾತ ಬಂದರೆ ನೀರು ಹೆಚ್ಚಿತೆಂದು ತಿಳಿದು ಒಣ ಎಲೆ ಬೆರೆಸಿ ಕೆದಕಬೇಕು. ಇರುವೆ ಮುತ್ತಿದರೆ ಒಣಗಿತೆಂದು ತಿಳಿದು ನೀರು ಚಿಮುಕಿಸಬೇಕು. ಬಿಳಿಯ ಬೂಷ್ಟನ್ನು ಕಂಡು ಹೆದರಬೇಕಾದುದಿಲ್ಲ, ಅದು ಕೆಲಸಗಾರರ ಪೈಕಿ. ಉಪ್ಪಿನಕಾಯಿ, ಎಣ್ಣೆಯ ತಿಂಡಿ, ಮಾಂಸ ಮೀನುಗಳು ಬೇಡ. ಟೀಪುಡಿಯ ಗಷ್ಟು, ಬಾಡಿದ ಹೂವಿನ ನಿರ್ಮಾಲ್ಯ, ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಇವೆಲ್ಲ ಆಗುವುವು. ನಿರ್ಮಾಲ್ಯದಲ್ಲಿ ನೂಲನ್ನೂ ಜರತಾರಿಯನ್ನೂ ಬಿಡಿಸಿ ಹಾಕಬೇಕಾದ ತೊಂದರೆಯೊಂದುಂಟು. ಚಿಕ್ಕ ಕುಂಡದಲ್ಲಿ ದೊಡ್ಡ ರಾಶಿಯಷ್ಟು ಕಾವು ಏರದ ಕಾರಣ ಬೀಜಗಳು ಸಾಯದೆ, ಗೊಬ್ಬರ ಹಾಕಿದಲ್ಲೆಲ್ಲ ಟೊಮೇಟೊ ಸಸಿಗಳು ಏಳುವುವು. ಅವನ್ನು ಕಿತ್ತೆಸೆಯದೆ ಒಂದೆರಡನ್ನು ಉಳಿಸಿಕೊಳ್ಳುವುದೇ ಮೇಲು.

ತಾರಸಿಯ ತೋಟದವರು ಭಾರದ ಲೆಕ್ಕವನ್ನು ಮರೆಯಬಾರದು. ಒಂದು ಘನ ಅಡಿ ನೆನೆದ ಮಣ್ಣು ಸುಮಾರು 50 ಕಿಲೋಗ್ರಾಂ ತೂಗುವುದು. ಮನೆಯಲ್ಲಿ ಮಾಡಿದ ಗೊಬ್ಬರ, ನೀರಿನಲ್ಲಿ ಎರಡು ಮೂರು ಸಲ ತೊಳೆದು ಉಪ್ಪು ಬಿಡಿಸಿದ ತೆಂಗಿನ ನಾರಿನ ಪುಡಿ, ಕೆಮ್ಮಣ್ಣು, ಇವನ್ನು ಸಮಸಮನಾಗಿ ಬೆರೆಸಿದರೆ ಭಾರ ಬಹಳ ತಗ್ಗುವುದು. ದೊಡ್ಡ ಕುಂಡಗಳನ್ನು ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿಡಬೇಕು.

ಏನನ್ನು ನೆಡಬೇಕೆಂಬುದರಲ್ಲಿ ನಮಗೂ ನಮ್ಮ ಪಕ್ಷಪಾತಗಳುಂಟು. ಹುಲ್ಲುಹಾಸು ಬೇಡವೇ ಬೇಡ. ನೀರು ಕಡಮೆಯಿದ್ದಲ್ಲಿ ನುಗ್ಗೆ, ಕರಿಬೇವು, ದೊಡ್ಡಪತ್ರೆ, ಹರಿವೆ. ಬಚ್ಚಲ ನೀರು ಸಿಕ್ಕುವಲ್ಲಿ ಬಸಳೆ, ಕೆಸು, ಒಂದು ಸೀಮೆಬದನೆಯ ಬಳ್ಳಿ. ಈ ಸೀಮೆಬದನೆಯು ಮೆಕ್ಸಿಕೋ ದೇಶದ್ದು. 1874ರಿಂದ 1908ರ ವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನರ ಕಾಲದಲ್ಲಿ ಇಲ್ಲಿ ನೆಲೆಯೂರಿ, ತಮಿಳರ ಬಾಯಲ್ಲಿ ಬೆಂಗಳೂರು ಬದನೆಯೇ ಆಗಿಬಿಟ್ಟಿತು. ಬೀಜ ಬಿಡಿಸುವ ಶ್ರಮವಿಲ್ಲ, ಮೊಳೆತ ಕಾಯನ್ನೇ ಇಡಿಯಾಗಿ ಹೂಳಬೇಕು. ಚಕ್ರಮುನಿ ಸೊಪ್ಪನ್ನು ಬೇಲಿಗೆ ನೆಡುವವರು ಬಹಳ. ಒಳ್ಳೆಯದೇ, ಆದರೆ ಅದನ್ನು ಬೇಯಿಸಿ ಮಿತವಾಗಿ ತಿನ್ನಬೇಕು. ದೇಹ ತೆಳ್ಳಗಾಗಲೆಂದು ತೈವಾನಿನಲ್ಲಿ 1990ರ ದಶಕದಲ್ಲಿ ಅದರ ಹಸಿರಸವನ್ನು ನಿತ್ಯ ಕುಡಿದ ಅನೇಕರಿಗೆ ಶ್ವಾಸಕೋಶದ ಗುಣವಾಗದ ರೋಗ ತಗುಲಿತು.

ಹೂವಿನ ಗಿಡ ಕೊಳ್ಳುವಾಗ ಒಂದು ಎಚ್ಚರಿಕೆ. ಚೆಲುವಾಗಿದೆಯೆಂದು ತಂದ ಗಿಡವೆಲ್ಲ ಬೇಲಿಯೊಳಗೆ ನಿಲ್ಲತಕ್ಕದ್ದಲ್ಲ. 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕಡೆಯಿಂದ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕಾಗಿ ತರಿಸಿದ ಲಂಟಾನವು ಇಂದು ಬಂಡೀಪುರದ ಕಾಡನ್ನೂ ಬಿಳಿಗಿರಿರಂಗನ ಬೆಟ್ಟವನ್ನೂ ನುಂಗಿ ಕುಳಿತಿದೆ. ಅದರ ಪೊದೆಯ ಕೆಳಗೆ ಹುಲ್ಲೂ ಬೆಳೆಯದು, ನೆಲ್ಲಿಯ ಸಸಿಯೂ ಏಳದು. ಅದರ ಬಣ್ಣಬಣ್ಣದ ತಳಿಗಳನ್ನು ಈಗಲೂ ಸಸ್ಯಾಗಾರಗಳಲ್ಲಿ ಮಾರುತ್ತಿರುವರು! ನಂದಿಬಟ್ಟಲು, ಪಾರಿಜಾತ, ಕೇಪಳ, ಗೋರಟೆಗಳಿಗೆ ಏನು ಕೊರತೆ? ಅವು ನೀರಿಗೂ ಗೋಳಿಡುವುದಿಲ್ಲ.

ಹುಳುಗಳ ವಿಷಯವನ್ನು ಸಂಕ್ಷೇಪವಾಗಿ ಮುಗಿಸುವೆವು. ಕರಿಬೇವು ನಿಂಬೆಗಳ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಚಿಟ್ಟೆಯ ಮರಿ. ನಾಲ್ಕು ಎಲೆ ಅದಕ್ಕಿರಲಿ. ಸಸ್ಯಹೇನು, ಹಿಟ್ಟುತಿಗಣೆಗಳು ಮುತ್ತಿದಲ್ಲಿ ಮೊದಲು ನೀರಿನಿಂದ ತೊಳೆದು, ಹೋಗದಿದ್ದರೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಚೂರು ಸಾಬೂನಿನೊಂದಿಗೆ ಕದಡಿ ಸಂಜೆಯ ಹೊತ್ತು ಸಿಂಪಡಿಸಬೇಕು. ಗುಲಗಂಜಿಯಂತೆ ಕೆಂಪಗೆ ಕಪ್ಪುಚುಕ್ಕೆಯಿರುವ ಪುಟ್ಟ ಜೀರುಂಡೆಯು ಹೇನುಗಳನ್ನು ತಿನ್ನುತ್ತಿದ್ದರೆ ಅದೂ ಬೇಡ. ಅಂಗಡಿಯ ವಿಷದ ಸೀಸೆಯನ್ನು ಮಕ್ಕಳಿರುವ ಮನೆಗೆ ತರಲೇಬಾರದು. ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಆಕಾಶಮಾರ್ಗದಿಂದ ಸಿಂಪಡಿಸಿದ ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆಯುವ ವೇಳೆಗೆ, ಕೊಕ್ಕಡದ ಸುತ್ತಿನ ಎಷ್ಟೋ ಮನೆಗಳಲ್ಲಿ ಏಳಲಾರದ ಮಕ್ಕಳಿದ್ದರು.

ವಿಷ ಬೇಡವೆನ್ನಲು ಜೇನೂ ಕಾರಣ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ಬಂದು ನಮ್ಮ ತುಡುವೆ ಜೇನಿನ ಕುಟುಂಬಗಳು ದಕ್ಷಿಣದಲ್ಲೆಲ್ಲ ಸೂರೆಯಾದುವು. ತುಳಸಿ, ಕಾಮಕಸ್ತೂರಿಗಳನ್ನು ಹೂ ಬಿಡಲು ಬಿಟ್ಟರೆ ಅವು ತಾರಸಿಗೂ ಏರಿ ಬರುವುವು. ಬದನೆ ಟೊಮೇಟೊಗಳಿಗೆ ಮಾತ್ರ ಜೇನು ಸಾಲದು: ಅವುಗಳ ಪರಾಗವು ಹೂವನ್ನು ಜುಮ್ಮೆಂದು ನಡುಗಿಸಿದರಷ್ಟೇ ಉದುರತಕ್ಕದ್ದು, ಆ ಕೆಲಸ ಕಪ್ಪು ದುಂಬಿಯದು. ದುಂಬಿ ಬಾರದ ಎತ್ತರದಲ್ಲಿರುವವರು ಬೆಳಗಿನ ಹೊತ್ತು ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲನೆ ತಟ್ಟಿದರೆ ಕಾಯಿ ನಿಲ್ಲುವುದು. ಸೋದರಿಯವರು ಈ ಕೆಲಸವನ್ನು ತಾವೇ ವಹಿಸಿಕೊಂಡು, ನೀರಿನ ಬಕೀಟಿನ ಪಾರುಪತ್ಯವನ್ನು ಅತ್ತೆಯವರಿಗೆ ಬಿಟ್ಟರೆ ಮನೆಯ ವಾದವು ಬಹುಮಟ್ಟಿಗೆ ತೀರಬಹುದೆಂದು ನಮ್ಮ ಎಣಿಕೆ. ಬೇಸಗೆಯಲ್ಲಿ ಬಚ್ಚಲ ನೀರೂ ಸಾಲದಾದರೆ ಎಳೆಯ ತರಕಾರಿಗಳ ಕುಂಡಗಳನ್ನು ಖಾಲಿಬಿಟ್ಟು ಮಲ್ಲಿಗೆ, ಕರಿಬೇವುಗಳನ್ನಷ್ಟೇ ಉಳಿಸಿಕೊಳ್ಳತಕ್ಕದ್ದು; ಮಲ್ಲಿಗೆ ಒಣಗಿದಂತೆ ಕಂಡರೂ ಬುಡದಿಂದ ಮತ್ತೆ ಚಿಗುರುವುದು.

ಕೊನೆಯದಾಗಿ ಬೀಜ. ಸಂಕರ ತಳಿಯ ಕಾಯಿಂದ ಬೀಜ ತೆಗೆದರೆ ಮಕ್ಕಳು ತಾಯಿಯಂತಿರುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ಬೆಂಡೆಯಂತಹ ತಳಿಗಳಲ್ಲಿ ಬೀಜವನ್ನು ಮನೆಯಲ್ಲಿಯೇ ಹಿಡಿಯಬಹುದು. ಎಲೆ ಹಳದಿಗಟ್ಟುವ ನಂಜುರೋಗವನ್ನೂ ಅದು ತಾಳುವುದು. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳವು ಇಂದಿಗೂ ಉಳಿದಿರುವುದು, 2011ರಲ್ಲಿ ಅದಕ್ಕೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿರುವುದು, ಆ ಊರವರು ತಲೆತಲಾಂತರದಿಂದ ತಮ್ಮ ಬೀಜವನ್ನು ತಾವೇ ಎತ್ತಿಡುತ್ತ ಬಂದುದರಿಂದ. ಮನೆಯ ಒಳ್ಳೆಯ ಗಿಡದ ಮೊದಲ ಕಾಯನ್ನು ಆಸೆಪಟ್ಟು ಕೊಯ್ಯದೆ ಹಣ್ಣಾಗಲು ಬಿಟ್ಟು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಒಲೆಯ ಬೂದಿಯೊಡನೆ ಮುಚ್ಚಿಡಬೇಕು. ಸೋರೆ, ಹೀರೆ, ಕುಂಬಳಗಳು ನೆರೆಮನೆಯ ತಳಿಯೊಡನೆ ಬೆರೆಯುವುವಾದುದರಿಂದ ಅವುಗಳ ಬೀಜದಲ್ಲಿ ನಂಬಿಕೆ ಕಡಮೆ. ಅವರೆ, ಬೀನ್ಸು, ಟೊಮೇಟೊಗಳಲ್ಲಿ ಹೆಚ್ಚು.

ಅವರೆಯೆಂದ ಮೇಲೆ ಹೇಳಿಬಿಡುವೆವು: ಸೊಗಡಿನ ಹಳೆಯ ಅವರೆಯನ್ನು ಈಗಲೇ ಮುಂಗಾರಿನ ಆತುರದಲ್ಲಿ ಬಿತ್ತಿದರೆ ಬಳ್ಳಿ ಹಬ್ಬುವುದೇ ಹೊರತು ಹೂ ಬಾರದು, ಹಗಲು ಗಿಡ್ಡವಾಗುವ ವರೆಗೆ ಅದು ಹೂವನ್ನು ಬಿಡದು. ಆಗಸ್ಟಿನಲ್ಲಿ ಬಿತ್ತಿದವರಿಗೆ ಸಂಕ್ರಾಂತಿಯ ವೇಳೆಗೆ ಕಾಯಿ. ಅಷ್ಟು ಕಾಲ ತಾಳಲಾರದವರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಯಾವ ತಿಂಗಳಿನಲ್ಲಾದರೂ ಬಿತ್ತಬಹುದು. ಸೊಗಡು ಮಾತ್ರ ಹಳೆಯದರಷ್ಟಿಲ್ಲವೆಂದು ನಮ್ಮ ಮನೆಯವರ ಅಭಿಪ್ರಾಯ.